ಮೌಲ್ಯಮಾಪನದಲ್ಲಿ ವಿದ್ಯಾರ್ಥಿಗಳ ಸಹಭಾಗಿತ್ವ (ಸಮಸ್ಯಾಧಾರಿತ ಎಂಜಿನಿಯರಿಂಗ್ ಶಿಕ್ಷಣ)

ಸಮಸ್ಯಾಧಾರಿತ ಎಂಜಿನಿಯರಿಂಗ್ ಶಿಕ್ಷಣದಲ್ಲಿ ವಿದ್ಯಾರ್ಥಿಗಳು ತಮ್ಮ ಹಾಗೂ ಸಹಪಾಠಿಗಳ ಕೆಲಸವನ್ನು ಗೊತ್ತುಪಡಿಸಿದ ಮಾನದಂಡಗಳ ಮೇಲೆ ತಾವೇ ಅಳೆಯುವ ಪದ್ಧತಿಯು ಮೌಲ್ಯಮಾಪನದಲ್ಲಿ ವಿದ್ಯಾರ್ಥಿಗಳ ಸಹಭಾಗಿತ್ವ ಎನಿಸುತ್ತದೆ. ಸ್ವಮೌಲ್ಯಮಾಪನ ಮತ್ತು ಸಹಪಾಠಿ ಮೌಲ್ಯಮಾಪನ ಇದರ ಮುಖ್ಯ ರೂಪಗಳು. ಮಾನದಂಡಗಳನ್ನು ರೂಪಿಸುವಾಗಲೇ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದೂ ಉಂಟು.

ಹಿನ್ನೆಲೆ

ಸಮಸ್ಯಾಧಾರಿತ ಕಲಿಕೆಯು 1960ರ ದಶಕದ ಕೊನೆಯಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಿಕ್ಷಣದಲ್ಲಿ ಆರಂಭವಾಯಿತು. ಅಲ್ಲಿನ ರಾಸಾಯನಿಕ ಎಂಜಿನಿಯರಿಂಗ್ ಪ್ರಾಧ್ಯಾಪಕ ಡೊನಾಲ್ಡ್ ವುಡ್ಸ್ ತಮ್ಮ ವಿಭಾಗದಲ್ಲಿ ಸ್ವಮೌಲ್ಯಮಾಪನಕ್ಕೂ ಸ್ಥಾನ ನೀಡಿದರು. 1974ರಲ್ಲಿ ಸ್ಥಾಪನೆಯಾದ ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯವು ತಂಡದ ಯೋಜನೆಗಳನ್ನೇ ಬೋಧನೆಯ ಆಧಾರವಾಗಿಸಿಕೊಂಡಿತು.

ಅಗತ್ಯ ಮತ್ತು ವಿಧಾನ

ಅಧ್ಯಾಪಕರ ಮುಂದೆ ಬರುವುದು ಸಿದ್ಧವಾದ ಮಾದರಿ ಮತ್ತು ವರದಿ. ಲೆಕ್ಕ ಹಾಕಿದವರು ಯಾರು, ಕೆಟ್ಟ ಮಂಡಲವನ್ನು ರಾತ್ರಿಯೆಲ್ಲ ಕುಳಿತು ಸರಿಪಡಿಸಿದವರು ಯಾರು, ಬರಿದೇ ಹೆಸರು ಸೇರಿಸಿದವರು ಯಾರು ಎಂಬುದು ತಂಡಕ್ಕೆ ಮಾತ್ರ ಗೊತ್ತು. ಎಲ್ಲರಿಗೂ ಒಂದೇ ಅಂಕ ನೀಡಿದರೆ ದುಡಿದವರಿಗೆ ಅನ್ಯಾಯವಾಗುತ್ತದೆ.

ಇದಕ್ಕೆ ಬಳಕೆಯಲ್ಲಿರುವ ಒಂದು ಉಪಾಯ ಗುಣಕ ಪದ್ಧತಿ. ನಾಲ್ವರ ತಂಡದಲ್ಲಿ ಪ್ರತಿಯೊಬ್ಬರೂ ತಮ್ಮನ್ನೂ ಒಳಗೊಂಡಂತೆ ನಾಲ್ವರಿಗೆ 100 ಅಂಕಗಳನ್ನು ಹಂಚುತ್ತಾರೆ ಎಂದಿಟ್ಟುಕೊಳ್ಳೋಣ. ಒಬ್ಬರಿಗೆ ಒಟ್ಟು 115 ಬಂದರೆ ಅವರ ಗುಣಕ 1.15, 80 ಬಂದವರದು 0.80. ಅಧ್ಯಾಪಕರು ತಂಡದ ವರದಿಗೆ 60 ಅಂಕ ನೀಡಿದ್ದರೆ ಮೊದಲನೆಯವರಿಗೆ 69, ಎರಡನೆಯವರಿಗೆ 48 ದೊರೆಯುತ್ತದೆ. ಕೆಲಸದ ಗುಣಮಟ್ಟದ ನಿರ್ಣಯ ಅಧ್ಯಾಪಕರದೇ. ವಿದ್ಯಾರ್ಥಿಗಳು ನಿರ್ಧರಿಸುವುದು ಪಾಲನ್ನು ಮಾತ್ರ.

ವಿಶ್ವಾಸಾರ್ಹತೆ

ಗೆಳೆತನದ ದಾಕ್ಷಿಣ್ಯಕ್ಕೆ ಎಲ್ಲರಿಗೂ ಸಮನಾಗಿ ಹಂಚಿಬಿಡುವುದು ಈ ಪದ್ಧತಿಯ ದೊಡ್ಡ ದೌರ್ಬಲ್ಯ. ಅಂಕಗಳನ್ನು ಗೋಪ್ಯವಾಗಿಟ್ಟು, ಪ್ರತಿ ಅಂಕಕ್ಕೂ ಕಾರಣ ಬರೆಯಿಸಿದರೆ ಇದು ಸ್ವಲ್ಪ ತಗ್ಗೀತು. ಫಾಲ್ಚಿಕೋವ್ ಮತ್ತು ಗೋಲ್ಡ್‌ಫಿಂಚ್ 2000ದಲ್ಲಿ 48 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಹಲವು ಅಂಶಗಳಿಗೆ ಬಿಡಿಬಿಡಿಯಾಗಿ ಅಂಕ ಕೊಡಿಸುವುದಕ್ಕಿಂತ, ಚೆನ್ನಾಗಿ ಅರ್ಥವಾದ ಮಾನದಂಡಗಳ ಮೇಲೆ ಒಟ್ಟಾರೆ ನಿರ್ಣಯ ಕೇಳಿದಾಗ ವಿದ್ಯಾರ್ಥಿಗಳ ಅಂಕಗಳು ಅಧ್ಯಾಪಕರ ಅಂಕಗಳಿಗೆ ಹೆಚ್ಚು ಸಮೀಪವಿದ್ದವು. ಉದ್ದನೆಯ ಅಂಕಪಟ್ಟಿಗಳನ್ನು ನೆಚ್ಚುವವರು ಇದನ್ನು ಗಮನಿಸಬೇಕು.

ಡೆನ್ಮಾರ್ಕಿನ ವಿವಾದ

ತಂಡದಲ್ಲಿ ಒಬ್ಬೊಬ್ಬರ ಪಾಲನ್ನು ಅಳೆಯುವ ಪ್ರಶ್ನೆ ಡೆನ್ಮಾರ್ಕಿನಲ್ಲಿ ರಾಜಕೀಯ ವಿವಾದವೇ ಆಯಿತು. ಅಲ್ಲಿನ ಸರ್ಕಾರ 2006ರಲ್ಲಿ ಸಾಮೂಹಿಕ ಪರೀಕ್ಷೆಯನ್ನು ನಿಷೇಧಿಸಿತು. ಒಟ್ಟಿಗೆ ಯೋಜನೆ ನಡೆಸಿದ ಆಲ್ಬೋರ್ಗ್‌ನ ವಿದ್ಯಾರ್ಥಿಗಳು ಪರೀಕ್ಷೆಗೆ ಮಾತ್ರ ಒಂಟಿಯಾಗಿ ಕೂರಬೇಕಾಯಿತು. ಸರ್ಕಾರ ಬದಲಾದ ಮೇಲೆ ನಿಷೇಧ ತೆರವುಗೊಂಡು, 2013ರ ಹೊತ್ತಿಗೆ ಸಾಮೂಹಿಕ ಪರೀಕ್ಷೆ ಮರಳಿ ಬಂದಿತು. ಅದರಲ್ಲಿ ಪರೀಕ್ಷಕರು ಇಡೀ ತಂಡವನ್ನು ಒಟ್ಟಿಗೆ ಪ್ರಶ್ನಿಸುತ್ತಾರೆ. ಅಂಕ ಮಾತ್ರ ಪ್ರತಿಯೊಬ್ಬರಿಗೂ ಪ್ರತ್ಯೇಕ.