ಮುಲ್ಕಿ ಯಾರು?

ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಹಿಂದೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಅಲ್ಲಿ ‘ಮುಲ್ಕಿ ಪಾಸಾದವರು’ ಎಂದರೆ ಏಳನೇ ಇಯತ್ತೆ ಪರೀಕ್ಷೆ ಗೆದ್ದವರು. ಅದೇ ಪದ ನಿಜಾಮನ ರಾಯಚೂರು, ಕಲಬುರಗಿ, ಬೀದರಗಳಲ್ಲಿ ಬೇರೆಯೇ ಬಾಳು ಬಾಳಿತು. ಅರಬ್ಬಿಯ ‘ಮುಲ್ಕ್’ ಎಂದರೆ ರಾಜ್ಯ, ನಾಡು. ನಾಡಿನವನು ಮುಲ್ಕಿ, ಮಿಕ್ಕವರೆಲ್ಲ ಗೈರ್‌ಮುಲ್ಕಿ. ಮೈಸೂರು ಸೀಮೆಗೆ ಸೇರಿದ್ದ ನಮ್ಮ ಮಾಯಕೊಂಡದಲ್ಲಿ ಆ ಪದಕ್ಕೆ ಕೆಲಸವಿರಲಿಲ್ಲ.

ಉತ್ತರ ಹಿಂದೂಸ್ತಾನದಿಂದ ಬಂದ ಓದಿದವರು ಹೈದರಾಬಾದಿನ ಕಚೇರಿಗಳನ್ನು ತುಂಬಿಕೊಂಡಾಗ ಸ್ಥಳೀಯರು ಗೊಣಗಿದರು. 1919ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಫರ್ಮಾನು ಹೊರಡಿಸಿದ: ಸರ್ಕಾರಿ ನೌಕರಿ ಮುಲ್ಕಿಗಳಿಗೆ. ಹೊರಗಿನವನು ಮುಲ್ಕಿಯಾಗಬೇಕಾದರೆ 15 ವರ್ಷ ನೆಲೆಸಿರಬೇಕು, ತನ್ನೂರಿಗೆ ಮರಳುವ ಯೋಚನೆ ಬಿಟ್ಟಿದ್ದೇನೆಂದು ಬರೆದುಕೊಡಬೇಕು. ಕಾಗದದ ಮೇಲೆ ಕಲಬುರಗಿಯ ಕನ್ನಡಿಗನೂ ಮುಲ್ಕಿಯೇ. ಆದರೆ ಕಚೇರಿಯ ಭಾಷೆ ಉರ್ದು, ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದು. ನೆಲ ತನ್ನದಾದರೂ ಕುರ್ಚಿ ದೂರವೇ ಉಳಿಯಿತು.

1947ರಲ್ಲಿ ನಿಜಾಮ ಸ್ವತಂತ್ರನಾಗಿಯೇ ಉಳಿಯುತ್ತೇನೆ ಎಂದ. ಅವನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿಗೆ ಬೆದರಿ, ಅಲ್ಲೇ ಹುಟ್ಟಿ ಬೆಳೆದವರು ಗಡಿ ದಾಟಿದರು. ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರಗಳು ಎದ್ದವು. ಅದೇ ಹೊತ್ತಿಗೆ ನೆರೆಯ ಪ್ರಾಂತ್ಯಗಳಿಂದ ಜೀವ ಹಿಡಿದುಕೊಂಡು ಬಂದ ಮುಸ್ಲಿಮರು ಸಂಸ್ಥಾನದೊಳಗೆ ಸೇರಿದರು. ಫರ್ಮಾನಿನ ಯಾವ ಕಲಮೂ ಈ ಇಬ್ಬರನ್ನೂ ಕಾಯಲಿಲ್ಲ.

1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, ಪದ ಮುಗಿಯಲಿಲ್ಲ. 1952ರಲ್ಲಿ ಹೈದರಾಬಾದಿನ ವಿದ್ಯಾರ್ಥಿಗಳು ಮದರಾಸು ಸೀಮೆಯಿಂದ ಬಂದವರ ಮೇಲೆ ‘ಇಡ್ಲಿ ಸಾಂಬಾರ್ ಗೋ ಬ್ಯಾಕ್’ ಎಂದು ಕೂಗಿದರು. ಗೋಲಿಬಾರಿನಲ್ಲಿ ಹೆಣಗಳು ಬಿದ್ದವು.

ಈಗ ಅದರ ಹೆಸರು ‘ಸ್ಥಳೀಯ’. ಸಂವಿಧಾನದ 371-ಜೆ ಕಲಂ, ನಿಜಾಮನ ಹಳೆಯ ಕನ್ನಡ ಜಿಲ್ಲೆಗಳೂ ಬಳ್ಳಾರಿಯೂ ಸೇರಿದ ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗ, ಶಿಕ್ಷಣಗಳಲ್ಲಿ ಮೀಸಲು ಕೊಟ್ಟಿದೆ. ಆ ಸವಲತ್ತಿಗಾಗಿ ಹರಪನಹಳ್ಳಿ 2018ರಲ್ಲಿ ನಮ್ಮ ದಾವಣಗೆರೆ ಜಿಲ್ಲೆಯನ್ನು ಬಿಟ್ಟು ಬಳ್ಳಾರಿಗೆ ಸೇರಿತು. ದಾವಣಗೆರೆಯ ಕೋಚಿಂಗ್ ಸೆಂಟರಿನ ಒಂದೇ ಬೆಂಚಿನ ಮೇಲೆ ಹರಪನಹಳ್ಳಿಯ ಹುಡುಗಿಯೂ ಮಾಯಕೊಂಡದ ಹುಡುಗಿಯೂ ಕೂರುತ್ತಾರೆ. ಒಬ್ಬಳ ಫೈಲಿನಲ್ಲಿ ಎ.ಸಿ. ಆಫೀಸಿನ ಸರ್ಟಿಫಿಕೇಟು ಇದೆ, ಇನ್ನೊಬ್ಬಳಲ್ಲಿ ಇಲ್ಲ. ಮಳೆ ಮಾತ್ರ ಇಬ್ಬರ ಹೊಲಕ್ಕೂ ಕೈಕೊಡುತ್ತದೆ.

2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿ, ಗದ್ದಲವೆದ್ದ ಮೇಲೆ ತಡೆಹಿಡಿದ ಖಾಸಗಿ ಉದ್ಯೋಗ ಮಸೂದೆಯಲ್ಲೂ ಸ್ಥಳೀಯನೆನಿಸಲು ಬೇಕಾದ ವಾಸ 15 ವರ್ಷ. ನಿಜಾಮನ ಲೆಕ್ಕವೇ.

ಸ್ಕಾಟ್ಲೆಂಡು ಬೇರೆ ಲೆಕ್ಕ ಹಾಕಿತು. ಬ್ರಿಟನ್ನಿನಿಂದ ಬೇರೆಯಾಗಬೇಕೇ ಎಂಬ 2014ರ ಜನಮತಗಣನೆಯಲ್ಲಿ ಅಲ್ಲಿ ವಾಸವಿದ್ದ ಯುರೋಪಿನವರಿಗೂ ಕಾಮನ್‌ವೆಲ್ತ್ ದೇಶಗಳವರಿಗೂ ಮತ ಸಿಕ್ಕಿತು. ಲಂಡನ್ನಿನಲ್ಲಿ ನೆಲೆಸಿದ್ದ ಸ್ಕಾಟ್‌ಗೆ ಸಿಗಲಿಲ್ಲ. ಅಲ್ಲಿ ಬಾಳುವವನೇ ನಾಡಿನವ ಎಂದಾಯಿತು.

ಹಿಂದುಳಿದ ಸೀಮೆಗೆ ಮೀಸಲು ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ತಿಳಿಯುವ ಭಾಷೆಯಲ್ಲಿ ಓದಿಸದೆ ಮುಲ್ಕಿ ಪಟ್ಟ ಕೊಟ್ಟರೆ ಅದು ಹೊಟ್ಟೆಗಾಗುವುದಿಲ್ಲ ಎಂಬುದನ್ನು ಕಲಬುರಗಿ ಕಂಡಿದೆ. ಸರ್ಟಿಫಿಕೇಟು ಕೊಡುವ ಸರ್ಕಾರ ಮೊದಲು ಆ ತಾಲ್ಲೂಕುಗಳ ಶಾಲೆಗಳಲ್ಲಿ ಖಾಲಿ ಬಿದ್ದ ಹುದ್ದೆಗಳನ್ನು ತುಂಬಲಿ.