ಐದು ಮಂದಿಯ ಮನೆಗೆ ಒಂದೇ ಹೆಸರಿನ ನೆಟ್

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ರಸ್ತೆಯಲ್ಲಿ ಮಲಪನಗುಡಿ ಸಿಗುತ್ತದೆ. ಹಂಪಿಗೆ ಹೊರಟ ಪ್ರವಾಸಿಗಳು ಬಹುಪಾಲು ನಿಲ್ಲದೆ ದಾಟಿಬಿಡುವ ಊರು ಇದು. ಒಂದನೆಯ ದೇವರಾಯನ ಕಾಲದ, 1412ರ ಶಾಸನವಿರುವ ಮಲ್ಲಿಕಾರ್ಜುನ ಗುಡಿ ಇಲ್ಲಿದೆ; ಕಮಾನು ಕಟ್ಟಿ ನಿಲ್ಲಿಸಿದ ವಿಜಯನಗರ ಕಾಲದ ಬಾವಿಯೂ ಇದೆ. ಈಗ ಈ ರಸ್ತೆಯುದ್ದಕ್ಕೂ ಓದುವ ಮಕ್ಕಳ ಓಡಾಟ. ಒಂದು ತುದಿಗೆ ಹೊಸಪೇಟೆಯ ಕಾಲೇಜುಗಳು, ಅವುಗಳಲ್ಲಿ 1997ರಲ್ಲಿ ಶುರುವಾದ ಪ್ರೌಢದೇವರಾಯ ಎಂಜಿನಿಯರಿಂಗ್ ಕಾಲೇಜೂ ಒಂದು. ಇನ್ನೊಂದು ತುದಿಗೆ 1991ರಲ್ಲಿ ಹುಟ್ಟಿದ ಹಂಪಿ ಕನ್ನಡ ವಿಶ್ವವಿದ್ಯಾಲಯ. ಹಾಸ್ಟೆಲ್ ಸಿಗದವರು, ಸಿಕ್ಕರೂ ಒಗ್ಗದವರು ಇಂಥ ಕಡೆಗಳಲ್ಲಿ ನಾಲ್ಕೈದು ಮಂದಿ ಕೂಡಿ ರೂಮ್ ಮಾಡುತ್ತಾರೆ. ಬಾಡಿಗೆ, ಗ್ಯಾಸ್, ಅಕ್ಕಿ, ಕರೆಂಟ್ ಬಿಲ್ಲು ಎಲ್ಲವನ್ನೂ ಹಂಚಿಕೊಳ್ಳಲು ಅವರಿಗೆ ಗೊತ್ತು. ನೆಟ್ ಹಾಕಿಸಿಕೊಳ್ಳುವ ಮಾತು ಬಂದಾಗ ಮಾತ್ರ ಕೆಲಸ ನಿಲ್ಲುತ್ತದೆ. ಅರ್ಜಿಗೆ ಯಾರ ಹೆಸರು, ಯಾರ ಆಧಾರ್, ಮನೆ ಮಾಲೀಕರ ಒಪ್ಪಿಗೆ ಎಲ್ಲಿ, ವರ್ಷದ ನಡುವೆ ಹೆಸರು ಕೊಟ್ಟವನೇ ಊರು ಬಿಟ್ಟರೆ ಹೇಗೆ? ಇದನ್ನು ಹುಡುಗರ ಜಗಳವೆಂದೋ ದುಡ್ಡಿನ ಕೊರತೆಯೆಂದೋ ತಳ್ಳಿಹಾಕುವುದು ಸುಲಭ. ನನ್ನ ವಾದ ಬೇರೆ. ಟೆಲಿಫೋನಿನ ಕಾಲದಿಂದ ಬಂದ 'ಒಂದು ಮನೆ, ಒಬ್ಬ ಯಜಮಾನ, ಒಂದು ಹೆಸರು' ಎಂಬ ಲೆಕ್ಕವೇ ಇಲ್ಲಿನ ತೊಡಕು. ಬಳಸುವವರ ಗುಂಪನ್ನೇ ಹಕ್ಕುದಾರರೆಂದು ಒಪ್ಪುವ ದಾರಿ ಇದೇ ಸೀಮೆಯ ನೀರಿನ ಚರಿತ್ರೆಯಲ್ಲಿ ಆಗಲೇ ಸಿಕ್ಕಿದೆ.

ಆ ಚರಿತ್ರೆಯಿಂದಲೇ ಆರಂಭಿಸಬೇಕು. ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟುಗಳನ್ನು ಹಾಕಿ ವಿಜಯನಗರದ ಅರಸರು ತೆಗೆಸಿದ ಕಾಲುವೆಗಳಲ್ಲಿ ಹಲವು ಇಂದಿಗೂ ಹರಿಯುತ್ತಿವೆ. ಹಂಪಿಯ ಕಣಿವೆಯ ಗದ್ದೆ, ಬಾಳೆತೋಟಗಳಿಗೆ ತುರ್ತು ಕಾಲುವೆಯ ನೀರು. ಹೊಸಪೇಟೆಯ ಸುತ್ತ ರಾಯ, ಬಸವಣ್ಣ ಕಾಲುವೆಗಳ ನೀರು. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾದ ಮೇಲೂ ಈ ಹಳೆಯ ಕಾಲುವೆಗಳನ್ನು ಯಾರೂ ಮುಚ್ಚಲಿಲ್ಲ. ಕಾಲುವೆ ತೋಡಿಸುವುದು ಅರಸನ ಕೆಲಸ, ಹರಿದ ನೀರನ್ನು ದಿನದಿನ ಹಂಚುವುದು ಊರಿನ ಕೆಲಸ. ಯಾರ ಗದ್ದೆಗೆ ಯಾವ ಹೊತ್ತು, ತೂಬು ಎಷ್ಟು ಎತ್ತಬೇಕು, ಹೂಳು ತೆಗೆಯಲು ಯಾರ ಮನೆಯಿಂದ ಎಷ್ಟು ಆಳು ಎಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. ಕೆರೆ ಕಟ್ಟಿಸಿದವರಿಗೆ, ಕಾಯ್ದವರಿಗೆ ದಶವಂದ, ಕಟ್ಟುಕೊಡಗೆ ಎಂದು ಭೂಮಿ ಬಿಟ್ಟುಕೊಟ್ಟ ಶಾಸನಗಳು ಕನ್ನಡ ನಾಡಿನ ಉದ್ದಗಲಕ್ಕೂ ಸಿಗುತ್ತವೆ. ಬಹಳ ಕಾಲ ರೂಢಿಯಾಗಿಯೇ ಉಳಿದಿದ್ದ ಈ ಹಂಚಿಕೆ ಕೊನೆಗೆ ಕಾನೂನಿಗೂ ಬಂತು. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಂದ ತಿದ್ದುಪಡಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ದಾರಿ ಮಾಡಿತು. ಇಲಾಖೆ ಸಂಘಕ್ಕೆ ಒಟ್ಟಾಗಿ ನೀರು ಕೊಡುತ್ತದೆ. ಒಳಗೆ ಹಂಚುವುದು, ಕರ ವಸೂಲಿ ಮಾಡುವುದು ಸಂಘದ ಹೊಣೆ. ಅಂದರೆ ಕಾನೂನಿನ ಕಣ್ಣಿಗೆ ಅಲ್ಲಿ ಗಿರಾಕಿ ಒಬ್ಬ ವ್ಯಕ್ತಿಯಲ್ಲ, ಒಂದು ಗುಂಪು.

ಇಷ್ಟು ಹೇಳಿದ ಕೂಡಲೇ ಏಳುವ ಆಕ್ಷೇಪಣೆ ಗಟ್ಟಿಯಾದದ್ದು, ತಪ್ಪಿಸಿಕೊಳ್ಳುವಂಥದ್ದಲ್ಲ. ನಮ್ಮ ಊರುಗಳ ನೀರು ಹಂಚಿಕೆಯನ್ನು ಹೊಗಳುವುದಾದರೆ ಬಾವಿಯ ಹತ್ತಿರವೂ ಬರಲು ಬಿಡದೆ ದೂರವಿಟ್ಟವರ ಗತಿಯೇನು? ಕೇರಿಗೊಂದು ಬಾವಿ, ಜಾತಿಗೊಂದು ಘಟ್ಟ ಎಂದು ಒಡೆದದ್ದೂ ಇದೇ ಊರುಗಳೇ. ಮೇಲಿನಿಂದ ಯಾರಾದರೂ ಸುರಿಯಲಿ ಎಂದು ಕೊಡ ಹಿಡಿದು ಕಾದು ನಿಂತವರ ನೆನಪು ಇನ್ನೂ ಹಸಿಯಾಗಿದೆ. ಇದನ್ನು ಒಪ್ಪಲೇಬೇಕು. ಆದರೆ ಈ ಸತ್ಯ ನನ್ನ ವಾದವನ್ನು ಕೆಡವುವುದಿಲ್ಲ, ತಿದ್ದುತ್ತದೆ. ರೂಢಿಗೆ ಬಿಟ್ಟ ಹಂಚಿಕೆಯಲ್ಲಿ ಬಲವಿದ್ದವರು ಗೆದ್ದರು. ಆದ್ದರಿಂದಲೇ ಬರವಣಿಗೆಯ ನಿಯಮ ಬೇಕು, ಸದಸ್ಯರಾಗುವ ಹಕ್ಕು ಬೇಕು, ಅನ್ಯಾಯವಾದರೆ ದೂರು ಕೊಡಲು ಜಾಗ ಬೇಕು. ಬಾಡಿಗೆ ಮನೆ ಕೇಳಲು ಹೋದ ವಿದ್ಯಾರ್ಥಿಗೆ ಇಂದಿಗೂ 'ನೀವು ಯಾವ ಪೈಕಿ' ಎಂಬ ಪ್ರಶ್ನೆ ಎದುರಾಗುವ ನಾಡಿನಲ್ಲಿ, ಒಂದು ಮನೆಯೊಳಗಿನ ಹಂಚಿಕೆಯನ್ನು ಬರೀ ಗೆಳೆತನಕ್ಕೆ, ಮಾಲೀಕರ ಮರ್ಜಿಗೆ ಬಿಡುವುದು ಸರಿಯಲ್ಲ.

ಈಗ ಒಂದೇ ಹೆಸರಿನ ಲೆಕ್ಕ ಎಲ್ಲಿಂದ ಬಂತೆಂದು ನೋಡೋಣ. ಟೆಲಿಫೋನು ನಮ್ಮಲ್ಲಿ ಬಹುಕಾಲ ದೊಡ್ಡವರ ಮನೆಯ ಸೊತ್ತಾಗಿತ್ತು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು, ಹೆಚ್ಚಿನ ಠೇವಣಿ ಕಟ್ಟಿ ಬೇರೆ ಸಾಲಿನಲ್ಲಿ ಮುಂದೆ ಹೋಗುವುದು, ಯಜಮಾನ ತೀರಿಕೊಂಡರೆ ಮಗನ ಹೆಸರಿಗೆ ವರ್ಗ ಮಾಡಿಸುವುದು, ಹೀಗೆ ಆ ಸಂಪರ್ಕವು ಜಮೀನಿನ ಪಹಣಿಯಂತೆಯೇ ನಡೆದುಕೊಂಡಿತು. ಈ ಗೋಡೆ ಒಡೆದದ್ದರಲ್ಲಿ ಕರ್ನಾಟಕಕ್ಕೆ ಹೆಮ್ಮೆಯ ಪಾಲಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸ ಆರಂಭಿಸಿದ್ದು 1986ರ ಜುಲೈಯಲ್ಲಿ, ನಮ್ಮ ಕಿತ್ತೂರಿನಲ್ಲಿ. ಬಿಸಿಲು, ಧೂಳು ತಡೆದುಕೊಂಡು ಎ.ಸಿ. ಇಲ್ಲದೆ ನಡೆಯುವ ಯಂತ್ರ ಅದು. ಬಳ್ಳಾರಿ ಸೀಮೆಯಂಥ ಕಡೆಗೆ ಹೇಳಿ ಮಾಡಿಸಿದ ಗುಣ. ಅದರ ಬೆನ್ನಿಗೇ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು. ಬೂತ್‌ಗಳನ್ನು ಕೊಡುವಾಗ ಅಂಗವಿಕಲರಿಗೆ ಆದ್ಯತೆ ಇತ್ತು. ರಾತ್ರಿ ಹನ್ನೊಂದರ ನಂತರ ಕಾಲು ದರವೆಂದು ಆ ಹೊತ್ತಿಗೆ ಸಾಲು ನಿಲ್ಲುವವರಲ್ಲಿ ಹಾಸ್ಟೆಲ್ ಹುಡುಗರೂ ಇರುತ್ತಿದ್ದರು. ಮೀಟರು ಓಡಿದಷ್ಟು ದುಡ್ಡು. ಹೆಸರೂ ಬೇಕಿಲ್ಲ, ಜಾತಿಯೂ ಬೇಕಿಲ್ಲ, ಸ್ವಂತ ಮನೆಯೂ ಬೇಕಿಲ್ಲ. ದೇಶದ ಎಷ್ಟೋ ಜನ ಮೊದಲ ಸಲ ದೂರದ ಊರಿನ ದನಿ ಕೇಳಿದ್ದು ಯಾರದೋ ಹೆಸರಿನ, ಎಲ್ಲರ ಬಳಕೆಯ ಇಂಥ ಲೈನಿನಲ್ಲಿ.

ಇಂಟರ್‌ನೆಟ್ಟೂ ಹಾಗೆಯೇ ಬಂತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅದನ್ನು ತೆರೆದಾಗ ಫೋನಿದ್ದ ಮನೆಗಷ್ಟೇ ಅದು ಸಾಧ್ಯವಿತ್ತು. ಉಳಿದವರಿಗೆ ಸಿಕ್ಕಿದ್ದು ಸೈಬರ್ ಕೆಫೆ: ಗಂಟೆಗಿಷ್ಟು ಎಂದು ಕೊಟ್ಟು ಫಲಿತಾಂಶ ನೋಡುವುದು, ಅರ್ಜಿ ತುಂಬುವುದು. ಸರ್ಕಾರ ಈ ಹಂಚಿಕೆಯನ್ನು ಅನುಮಾನದಿಂದ ನೋಡಿತಾದರೂ ಅದಕ್ಕೊಂದು ನಿಯಮ ಮಾಡಿತು. 2004ರಲ್ಲೇ ಕರ್ನಾಟಕ ಸೈಬರ್ ಕೆಫೆಗಳಿಗೆ ತನ್ನದೇ ನಿಯಮ ತಂದಿತು. 2011ರ ಕೇಂದ್ರದ ನಿಯಮಗಳು ಗುರುತಿನ ಚೀಟಿ, ಒಂದು ವರ್ಷ ಕಾಯ್ದಿಡಬೇಕಾದ ದಾಖಲೆ, ಪಾರ್ಟಿಷನ್ನಿನ ಎತ್ತರ ನಾಲ್ಕೂವರೆ ಅಡಿ ಮೀರಬಾರದು ಎಂಬಲ್ಲಿಯವರೆಗೆ ಹೋದವು. ಅಷ್ಟರಲ್ಲಿ ಮನೆಗಳಿಗೆ ಬ್ರಾಡ್‌ಬ್ಯಾಂಡ್ ಬಂದಿತ್ತು. 2004ರ ನೀತಿಯ ಪ್ರಕಾರ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. ಬಿಎಸ್‌ಎನ್‌ಎಲ್‌ನ ಕೆಲವು ಪ್ಲಾನುಗಳಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಎಷ್ಟು ಬಳಸಿದರೂ ಲೆಕ್ಕವಿರಲಿಲ್ಲ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಕ್ಕೆ ಲೈಸೆನ್ಸ್ ಬೇಡವೆಂದು 2005ರಲ್ಲಿ ತೀರ್ಮಾನವಾದದ್ದು ಇದಕ್ಕಿಂತ ದೊಡ್ಡ ಬದಲಾವಣೆ ಎಂದು ನಾನು ತಿಳಿಯುತ್ತೇನೆ. ವೈರು ಎಳೆಯದೆ ಒಂದು ಲೈನನ್ನು ಐದು ಕೋಣೆಗೆ ಹಂಚಲು ಹಾದಿ ಸುಗಮವಾಯಿತು. ತಂತ್ರ ಹಂಚಿಕೆಗೆ ತೆರೆದುಕೊಂಡರೂ ಅರ್ಜಿಯ ನಮೂನೆ ಯಜಮಾನನ ಹೆಸರಿನಲ್ಲೇ ಉಳಿಯಿತು. ಊರಿನ ಕೇಬಲ್‌ನವರೇ ಟಿವಿಯ ಜೊತೆ ನೆಟ್ಟನ್ನೂ ಕೊಡತೊಡಗಿ, ಈಗ ಫೈಬರ್ ಎಳೆಯುತ್ತಿರುವಾಗಲೂ ಅದು ಬದಲಾಗಿಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಎಲ್ಲರ ಜೇಬಿನಲ್ಲೂ ನೆಟ್ ಇರುವಾಗ ರೂಮಿಗೆ ಬೇರೆ ಲೈನೇಕೆ ಎಂದು ಕೇಳುವವರಿದ್ದಾರೆ. ವಾಟ್ಸ್‌ಆಪ್ ನೋಡಲು ಬೇಡ, ಓದಲು ಬೇಕು. ದಿನಕ್ಕಿಷ್ಟು ಜಿಬಿ ಎಂಬ ಮಿತಿ ಒಂದು ಕಡೆ, ಬಂಡೆಗುಡ್ಡಗಳ ಮರೆಯಲ್ಲಿ ಬಂದು ಹೋಗುವ ಸಿಗ್ನಲ್ ಇನ್ನೊಂದು ಕಡೆ. ಪಿಎಚ್.ಡಿ. ಪ್ರಬಂಧವನ್ನು ವಿದ್ಯುನ್ಮಾನ ರೂಪದಲ್ಲೂ ಸಲ್ಲಿಸಬೇಕೆಂದು ಯುಜಿಸಿ 2009ರಲ್ಲೇ ನಿಯಮ ಮಾಡಿದೆ. ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದ ಪ್ರಬಂಧಗಳನ್ನು, ಸ್ಕ್ಯಾನ್ ಮಾಡಿದ ಶಾಸನ ಸಂಪುಟಗಳನ್ನು ಇಳಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಓದುವುದು ಸಂಶೋಧಕರ ನಿತ್ಯದ ಕೆಲಸ. ಐದು ಮಂದಿ ಐದು ರೀಚಾರ್ಜ್ ಮಾಡಿಸಿಕೊಂಡು ಅರೆಬರೆ ಬಳಸುವುದಕ್ಕಿಂತ ಕೂಡಿ ಒಂದು ಲೈನ್ ಹಾಕಿಸುವುದೇ ಮೇಲು. 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಕೋಳಿಕ್ಕೋಡ್ ಜಿಲ್ಲೆಯ ಹಾಸ್ಟೆಲ್ ವಿದ್ಯಾರ್ಥಿನಿಯೊಬ್ಬರ ಅರ್ಜಿಯ ಮೇಲೆ, ಇಂಟರ್‌ನೆಟ್ ಪಡೆಯುವುದು ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿತು. ಹಕ್ಕೆಂದು ಒಪ್ಪಿದ ಮೇಲೆ ಅದನ್ನು ಪಡೆಯುವ ದಾರಿ ಮನೆ ಮಾಲೀಕರ ಮನಸ್ಸಿನ ಮೇಲೆ ನಿಂತಿರಬಾರದು.

ಭದ್ರತೆಯ ಆಕ್ಷೇಪಣೆ ಇನ್ನೂ ಗಂಭೀರವಾದದ್ದು. 2008ರ ಜುಲೈಯ ಅಹಮದಾಬಾದ್ ಸ್ಫೋಟದ ಹೊತ್ತಿಗೆ ಹೋದ ಬೆದರಿಕೆಯ ಇ-ಮೇಲ್‌ನ ಜಾಡು ಹಿಡಿದ ಪೊಲೀಸರು ನವಿ ಮುಂಬೈನ ಮನೆಯೊಂದರ ವೈ-ಫೈಗೆ ಬಂದು ನಿಂತರು. ಸಂಪರ್ಕ ಯಾರ ಹೆಸರಲ್ಲಿತ್ತೋ ಅವರು ವಿಚಾರಣೆ ಎದುರಿಸಬೇಕಾಯಿತು. ಮರುವರ್ಷ ದೂರಸಂಪರ್ಕ ಇಲಾಖೆ ವೈ-ಫೈ ಭದ್ರವಾಗಿಡಬೇಕೆಂದು ಸೂಚನೆ ಹೊರಡಿಸಿತು. ಹೊಣೆ ಹೊರಲು ಒಬ್ಬರಾದರೂ ಬೇಕಲ್ಲ ಎಂಬ ಮಾತು ಇಲ್ಲಿಂದಲೇ ಬರುತ್ತದೆ. ಆದರೆ ಇದೇ ಘಟನೆ ಒಂದು ಹೆಸರಿನ ಲೆಕ್ಕ ಎಷ್ಟು ಟೊಳ್ಳೆಂಬುದನ್ನೂ ತೋರಿಸಿತು: ಹೆಸರು ಸಿಕ್ಕಿತು, ಬಳಸಿದವರು ಯಾರೆಂದು ಅದರಿಂದ ತಿಳಿಯಲಿಲ್ಲ. ಮನೆಯಲ್ಲಿರುವ ಐವರ ಹೆಸರೂ ಅರ್ಜಿಯಲ್ಲಿದ್ದರೆ ಪೊಲೀಸರಿಗೂ ಅನುಕೂಲ, ಮಾಡದ ತಪ್ಪಿಗೆ ಒಬ್ಬನೇ ಠಾಣೆಗೆ ಅಲೆಯುವುದೂ ತಪ್ಪುತ್ತದೆ. ಸೈಬರ್ ಕೆಫೆಯಲ್ಲಿ ಅಪರಿಚಿತರ ಹೆಸರನ್ನೇ ಪುಸ್ತಕದಲ್ಲಿ ಬರೆಸಿಕೊಂಡ ಸರ್ಕಾರಕ್ಕೆ, ಒಂದೇ ಸೂರಿನಡಿ ಇರುವ ಐವರನ್ನು ಬರೆದುಕೊಳ್ಳುವುದು ಕಷ್ಟವಾಗಲಾರದು.

ವಿದ್ಯಾರ್ಥಿಗಳು ಇಂದು ಇದ್ದು ನಾಳೆ ಹೋಗುವವರು, ರೈತರಂತೆ ನೆಲಕ್ಕೆ ಅಂಟಿಕೊಂಡವರಲ್ಲ, ಕಾಲುವೆಯ ಸಂಘಕ್ಕೂ ಇವರಿಗೂ ಏನು ಹೋಲಿಕೆ ಎನ್ನಬಹುದು. ಹೋಗುವವರೆಂಬುದು ನಿಜ, ಆದರೆ ಮನೆ ಹೋಗುವುದಿಲ್ಲ. ಒಬ್ಬ ಬಿಟ್ಟರೆ ಇನ್ನೊಬ್ಬ ಬರುತ್ತಾನೆ, ಗುಂಪು ಮುಂದುವರಿಯುತ್ತದೆ. ಹೆಸರು ಒಬ್ಬನದೇ ಆಗಿರುವುದರಿಂದಲೇ ಅವನು ಹೊರಟ ದಿನ ಠೇವಣಿ, ರೌಟರ್, ಉಳಿದ ಅವಧಿಯ ದುಡ್ಡು ಎಲ್ಲವೂ ತಕರಾರಾಗುತ್ತವೆ. ನೀರಿನ ಸಂಘಗಳೆಲ್ಲ ಚೆನ್ನಾಗಿ ನಡೆದಿವೆ ಎಂದೂ ನಾನು ಹೇಳುತ್ತಿಲ್ಲ. ತುಂಗಭದ್ರಾ ಎಡದಂಡೆಯ ಕೊನೆ ಭಾಗದ ರೈತರು ನೀರಿಗಾಗಿ ವರ್ಷ ವರ್ಷವೂ ಬೀದಿಗೆ ಇಳಿಯುತ್ತಾರೆ. ಆದರೆ ಅವರು ಬೀದಿಗೆ ಇಳಿದು ಕೇಳಬಲ್ಲರು, ಏಕೆಂದರೆ ಆ ನೀರಿನಲ್ಲಿ ತಮ್ಮ ಪಾಲಿದೆ ಎಂಬುದು ದಾಖಲೆಯಲ್ಲಿದೆ. ಮನೆಯ ಮೂಲೆಯ ಕೋಣೆಯಲ್ಲಿದ್ದು ತಿಂಗಳು ತಿಂಗಳು ದುಡ್ಡು ಕೊಟ್ಟೂ ಹೆಸರಿಲ್ಲದವನಿಗೆ, ಲೈನು ಕೆಟ್ಟಾಗ ಕಂಪನಿಗೆ ದೂರು ಕೊಡುವುದೂ ಸುಲಭವಲ್ಲ.

1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಅದರಡಿಯ ನಿಯಮಗಳಲ್ಲಿ ಮನೆ ಸಂಪರ್ಕಕ್ಕೆ ಒಬ್ಬರಿಗಿಂತ ಹೆಚ್ಚು ಜನ ಕೂಡಿ ಸಹಿ ಹಾಕುವ, ಬಿಟ್ಟುಹೋದವರ ಹೆಸರು ತೆಗೆದು ಬಂದವರ ಹೆಸರು ಸೇರಿಸುವ ಅವಕಾಶ ಬರಬೇಕು. ವಿಶ್ವವಿದ್ಯಾಲಯಗಳೂ ವಿದ್ಯಾರ್ಥಿ ಸಂಘಟನೆಗಳೂ ಇದನ್ನು ಕೇಳಬೇಕು. ಅಲ್ಲಿಯವರೆಗೆ, ಮಲಪನಗುಡಿಯಲ್ಲಾಗಲಿ ಕಮಲಾಪುರದಲ್ಲಾಗಲಿ ಸಂಡೂರಿನಲ್ಲಾಗಲಿ ವಿದ್ಯಾರ್ಥಿಗಳಿಗೆ ಮನೆ ಕೊಟ್ಟಿರುವ ಮಾಲೀಕರು ಒಂದು ಕೆಲಸ ಮಾಡಬಹುದು: ಬಾಡಿಗೆ ಕರಾರಿನಲ್ಲಿ ಇರುವವರೆಲ್ಲರ ಹೆಸರು ಬರೆಸಿ, ನೆಟ್ ಹಾಕಿಸಿಕೊಳ್ಳಲು ತಮ್ಮ ಒಪ್ಪಿಗೆ ಇದೆಯೆಂಬ ಒಂದು ಸಾಲನ್ನೂ ಅದರಲ್ಲೇ ಸೇರಿಸಿ ಕೊಡಿ.