ಟೇಬಲ್ ಮೌಂಟನ್ ಕೇಬಲ್ ಕಾರ್: ಹಳೆಯ ಹಾದಿ, ಹೊಸ ಸವಾರಿ

ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರಕ್ಕೆ ಬೆಂಗಾವಲಿನಂತೆ ನಿಂತಿರುವ ಬೆಟ್ಟವೇ ಟೇಬಲ್ ಮೌಂಟನ್. ನೆತ್ತಿ ಮೇಜಿನ ಹಲಗೆಯಂತೆ ಚಪ್ಪಟೆಯಾಗಿರುವುದರಿಂದ ಅದಕ್ಕೆ ಈ ಹೆಸರು. ಎತ್ತರ 1,085 ಮೀಟರ್. ಕಣಿವೆಯ ದಾರಿಯಲ್ಲಿ ನಡೆದು ಏರಲು ಎರಡು ಮೂರು ಗಂಟೆ ಬೇಕು. ಕೇಬಲ್ ಕಾರಿನಲ್ಲಿ ಐದು ನಿಮಿಷ ಸಾಕು.

ಆರಂಭ

ಬೆಟ್ಟಕ್ಕೆ ಹಲ್ಲುಹಳಿಯ ರೈಲು ಹಾಕುವ ಯೋಜನೆಯೊಂದು ಮೊದಲೇ ಇತ್ತು. ಮೊದಲ ಮಹಾಯುದ್ಧದಿಂದಾಗಿ ಅದು ಕೈಗೂಡಲಿಲ್ಲ. ಆನಂತರ ನಾರ್ವೆಯ ಎಂಜಿನಿಯರ್ ಟ್ರಿಗ್ವೆ ಸ್ಟ್ರೋಮ್ಸೋ ಕೇಬಲ್ ಮಾರ್ಗದ ಸಲಹೆ ಮುಂದಿಟ್ಟರು. ಜರ್ಮನಿಯ ಲೈಪ್‌ಜಿಗ್‌ನ ಅಡಾಲ್ಫ್ ಬ್ಲೈಷರ್ಟ್ ಕಂಪನಿ ಅದನ್ನು ನಿರ್ಮಿಸಿತು. 1929ರ ಅಕ್ಟೋಬರ್ 4ರಂದು ಸೇವೆ ಆರಂಭವಾಯಿತು. ಮರದ ಮೈ, ತಗಡಿನ ಚಾವಣಿಯ ಆ ಪೆಟ್ಟಿಗೆಗಳಲ್ಲಿ ಒಮ್ಮೆಗೆ ಸುಮಾರು 20 ಮಂದಿಗೆ ಮಾತ್ರ ಜಾಗವಿತ್ತು.

ಎರಡು ಕಾರುಗಳದು ತಕ್ಕಡಿಯ ನ್ಯಾಯ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಇಳಿಯುವುದರ ಭಾರ ಏರುವುದಕ್ಕೆ ನೆರವಾಗುತ್ತದೆ. ಎರಡು ನಿಲ್ದಾಣಗಳ ನಡುವೆ ಆಸರೆಯ ಕಂಬವೊಂದೂ ಇಲ್ಲ. ಹೀಗಾಗಿ ಹೆಚ್ಚು ಕಾರುಗಳನ್ನು ಸೇರಿಸಿ ಜನರನ್ನು ಸಾಗಿಸುವ ಮಾರ್ಗ ಇಲ್ಲಿ ಮುಚ್ಚಿತ್ತು. ಇರುವ ಎರಡನ್ನೇ ದೊಡ್ಡದಾಗಿಸಬೇಕಿತ್ತು.

ನವೀಕರಣ

1958 ಮತ್ತು 1974ರಲ್ಲಿ ಸುಧಾರಣೆಗಳು ನಡೆದವು. ಆದರೂ ಪ್ರವಾಸಿಗರ ಸಾಲು ಕರಗಲಿಲ್ಲ. 1997ರಲ್ಲಿ ಸೇವೆಯನ್ನು ಹಲವು ತಿಂಗಳು ನಿಲ್ಲಿಸಿ ಯಂತ್ರ, ಹಗ್ಗ, ಕಾರುಗಳೆಲ್ಲವನ್ನೂ ಬದಲಾಯಿಸಲಾಯಿತು. ಸ್ವಿಟ್ಜರ್ಲೆಂಡಿನಿಂದ ಬಂದ ಹೊಸ ಕಾರುಗಳು ದುಂಡಗಿವೆ. ಒಂದೊಂದರಲ್ಲಿ 65 ಮಂದಿ ನಿಲ್ಲಬಹುದು. ಸೆಕೆಂಡಿಗೆ 10 ಮೀಟರ್‌ವರೆಗಿನ ವೇಗದಲ್ಲಿ ಅವು ಚಲಿಸುತ್ತವೆ. ಪ್ರಯಾಣದ ವೇಳೆಗೆ ಕಾರಿನ ನೆಲ ಒಂದು ಪೂರ್ಣ ಸುತ್ತು ತಿರುಗುತ್ತದೆ. ಕಿಟಕಿಗಾಗಿ ನೂಕುನುಗ್ಗಲಿಲ್ಲ, ಕಡಲೂ ನಗರವೂ ಬಂಡೆಯೂ ಸರದಿಯಂತೆ ಎಲ್ಲರ ಕಣ್ಣಿಗೂ ಬೀಳುತ್ತವೆ.

ದುಂಡನೆಯ ಆಕಾರ ಕೇವಲ ಅಂದಕ್ಕಲ್ಲ, ಗಾಳಿಯ ಹೊಡೆತ ಅದಕ್ಕೆ ಕಡಿಮೆ. ಕಾರಿನ ತಳದ ತೊಟ್ಟಿಯಲ್ಲಿ 4,000 ಲೀಟರ್‌ವರೆಗೆ ನೀರು ತುಂಬಬಹುದು. ಗಾಳಿ ಬೀಸುವಾಗ ಆ ಭಾರ ಕಾರನ್ನು ಓಲಾಡದಂತೆ ಹಿಡಿಯುತ್ತದೆ. ಮೇಲೆ ತಲುಪಿದ ನೀರು ನಿಲ್ದಾಣದ ಬಳಕೆಗೆ ಒದಗುತ್ತದೆ.

ಮಿತಿಗಳು

ಜನರನ್ನು ಹೊರುವ ಶಕ್ತಿ ಕಾರಿಗೆ ಹೆಚ್ಚಿತು, ಬೆಟ್ಟಕ್ಕೆ ಹೆಚ್ಚಲಿಲ್ಲ. ನೆತ್ತಿಯ ವಿಸ್ತಾರ ಅಂದಿನಷ್ಟೇ. ಅಲ್ಲಿ ಬೆಳೆಯುವ ಫಿನ್‌ಬಾಸ್ ಎಂಬ ಕುರುಚಲು ಸಸ್ಯಸಂಕುಲದಲ್ಲಿ ಬೇರೆಲ್ಲೂ ಕಾಣದ ಜಾತಿಗಳಿವೆ. 1998ರಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. 2004ರಲ್ಲಿ ಕೇಪ್ ಸಸ್ಯವಲಯದ ಭಾಗವಾಗಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದ್ದರಿಂದ ಪ್ರವಾಸಿಗರು ಗುರುತಿಸಿದ ಕಾಲುದಾರಿಯಲ್ಲಿಯೇ ನಡೆಯಬೇಕು.

ಗಾಳಿ ಮಿತಿಮೀರಿದರೆ ಇಂದಿಗೂ ಸೇವೆ ನಿಲ್ಲುತ್ತದೆ. ವಾರ್ಷಿಕ ದುರಸ್ತಿಗಾಗಿಯೂ ಚಳಿಗಾಲದಲ್ಲಿ ಕೆಲವು ದಿನ ಬಿಡುವಿದೆ. ದೂರದಿಂದ ಬಂದವರಿಗೆ ಇದು ನಿರಾಸೆಯೇ ಸರಿ. ಆದರೆ ಯಂತ್ರವನ್ನು ಎಷ್ಟೇ ಹೊಸದಾಗಿಸಿದರೂ ಏರಬಹುದೆಂಬ ಅಪ್ಪಣೆ ಬರಬೇಕಾದುದು ಬೆಟ್ಟದಿಂದಲೇ. ಹೊರಡುವ ಮುನ್ನ ಅಂದಿನ ಹವಾಮಾನ ವಿಚಾರಿಸಿಕೊಳ್ಳುವುದು ಲೇಸು.